ಕಥಾಭೇದವೂ ಕಾಲೇಜಿನ ಪ್ರಬಂಧವೂ

ಒಂದೇ ಕಥೆಯನ್ನು ಇಬ್ಬರು ಕವಿಗಳು ಹೇಳಿರುವಾಗ ಆ ಎರಡನ್ನೂ ಜೊತೆಗಿಟ್ಟುಕೊಂಡು ಓದುವುದರಲ್ಲಿರುವ ಸಂತೋಷವು ಸಾಹಿತ್ಯವ್ಯಾಸಂಗದ ಸಂತೋಷಗಳಲ್ಲೆಲ್ಲ ಹಿರಿದಾದುದೆಂದು ಹೇಳಿದರೆ ತಪ್ಪಾಗಲಾರದು. ಕಥೆಯು ಮೊದಲೇ ತಿಳಿದಿರುವುದರಿಂದ ಓದುಗನ ಮನಸ್ಸು ‘ಮುಂದೇನಾಯಿತು’ ಎಂಬ ಕಾತರವನ್ನು ಕಳೆದುಕೊಂಡು, ‘ಇವನು ಇದನ್ನು ಹೀಗೇಕೆ ಹೇಳಿದನು’ ಎಂಬ ವಿಚಾರದಲ್ಲಿ ನೆಲೆಗೊಳ್ಳುವುದು. ಕವಿಯ ಕೈವಾಡವು ಕಣ್ಣಿಗೆ ಬೀಳುವುದು ಆಗಲೇ. ಇಷ್ಟು ರುಚಿಕರವಾದ ಈ ಕೆಲಸವು ಈಗಿನ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಪಾಲಿಗೆ ಒಂದು ದಂಡನೆಯಾಗಿ ಪರಿಣಮಿಸಿದೆ. ಇದಕ್ಕೆ ಕಾರಣವು ಹುಡುಗರ ಸೋಮಾರಿತನವೆಂದು ಕೆಲವರೂ, ಸಂಸ್ಕೃತದ ಅಜ್ಞಾನವೆಂದು ಕೆಲವರೂ ಹೇಳುತ್ತಿರುವರು. ಈ ಎರಡು ಕಾರಣಗಳನ್ನೂ ಒಪ್ಪುವುದು ಕಷ್ಟ. ದೋಷವಿರುವುದು ಅವರ ಮುಂದೆ ಇಡುವ ಪ್ರಶ್ನೆಯಲ್ಲಿ.

ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳ ಮೇಜಿನ ಬಳಿ ಒಂದು ಗಳಿಗೆ ನಿಂತು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಅವಳಿಗೆ ಕೊಟ್ಟಿರುವ ವಿಷಯವಿದು: ‘ಮಹಾಭಾರತದ ಶಕುಂತಲೋಪಾಖ್ಯಾನವನ್ನೂ ಕಾಳಿದಾಸನ ಅಭಿಜ್ಞಾನಶಾಕುಂತಲವನ್ನೂ ಹೋಲಿಸಿ, ಸಾಮ್ಯವೈಷಮ್ಯಗಳನ್ನು ವಿವರಿಸಿರಿ.’ ಹತ್ತು ಪುಟಗಳಾಗಬೇಕು. ಅವಳು ಹಾಳೆಯ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆಯನ್ನು ಎಳೆಯುತ್ತಾಳೆ. ಎಡಕ್ಕೆ ಭಾರತ, ಬಲಕ್ಕೆ ನಾಟಕ. ಭಾರತದಲ್ಲಿ ಕಣ್ವರು ಹಣ್ಣು ತರಲು ಹೋಗಿರುತ್ತಾರೆ. ನಾಟಕದಲ್ಲಿ ಸೋಮತೀರ್ಥಕ್ಕೆ ಹೋಗಿರುತ್ತಾರೆ. ಭಾರತದಲ್ಲಿ ಶಾಪವಿಲ್ಲ, ನಾಟಕದಲ್ಲಿ ದೂರ್ವಾಸರ ಶಾಪವಿದೆ. ಭಾರತದಲ್ಲಿ ಉಂಗುರವಿಲ್ಲ, ನಾಟಕದಲ್ಲಿ ಉಂಗುರವಿದೆ. ಅಲ್ಲಿ ಮಗನು ತಾಯಿಯೊಡನೆ ಅರಮನೆಗೆ ಬರುತ್ತಾನೆ. ಇಲ್ಲಿ ಮಗನು ಇನ್ನೂ ಹುಟ್ಟಿಲ್ಲ. ಒಂದೂವರೆ ಪುಟಕ್ಕೆ ಪಟ್ಟಿ ಮುಗಿಯಿತು. ಉಳಿದ ಎಂಟೂವರೆ ಪುಟಗಳಿಗೆ ಏನು ಮಾಡಬೇಕು? ಲೇಖನಿ ಅಲ್ಲಿಯೇ ನಿಲ್ಲುತ್ತದೆ. ‘ಪುಸ್ತಕ ಓದಿದ್ದೀಯಾ?’ ಎಂದು ಮನೆಯ ಹಿರಿಯರು ಕೇಳುತ್ತಾರೆ. ‘ಓದಿದ್ದೇನೆ, ಏನು ಬರೆಯಬೇಕೆಂಬುದೇ ತಿಳಿಯುವುದಿಲ್ಲ’ ಎಂದು ಅವಳು ಕಣ್ಣಿನಲ್ಲಿ ನೀರು ತಂದುಕೊಳ್ಳುತ್ತಾಳೆ.

ಆಮೇಲೆ ನಡೆಯುವುದನ್ನು ಎಲ್ಲರೂ ಬಲ್ಲರು. ಅಂಗಡಿಯಿಂದ ಒಂದು ಗೈಡು ಬರುತ್ತದೆ. ಅದರಲ್ಲಿಯೂ ಇದೇ ಪಟ್ಟಿ; ಕೊನೆಯಲ್ಲಿ ‘ಹೀಗೆ ಕಾಳಿದಾಸನು ತನ್ನ ಅಪ್ರತಿಮ ಪ್ರತಿಭೆಯಿಂದ ಮೂಲಕಥೆಯನ್ನು ರಮಣೀಯವನ್ನಾಗಿ ಮಾಡಿದ್ದಾನೆ’ ಎಂಬ ಒಂದು ಮಂಗಳವಾಕ್ಯ. ಈಚೆಗಂತೂ ಗೈಡಿನ ಖರ್ಚೂ ಇಲ್ಲ. ಗಣಕಯಂತ್ರಕ್ಕೆ ಪ್ರಶ್ನೆಯನ್ನು ಒಪ್ಪಿಸಿದರೆ ಅದೇ ಪಟ್ಟಿಯನ್ನು ಇನ್ನಷ್ಟು ನಯವಾದ ಮಾತುಗಳಲ್ಲಿ ಅದು ನಿಮಿಷದೊಳಗೆ ಇಳಿಸಿಕೊಡುವುದು. ಇದರಿಂದ ವಿದ್ಯೆಗೆ ಹಾನಿಯಾಯಿತೆಂದು ಅಧ್ಯಾಪಕರು ಗೋಳಾಡುವರು. ಗೋಳಾಡುವುದಕ್ಕೆ ಮುಂಚೆ ಅವರು ಒಂದು ಮಾತನ್ನು ಯೋಚಿಸಬೇಕು. ಗ್ರಂಥವನ್ನು ತೆರೆಯದೆಯೇ ಉತ್ತರ ಬರೆಯಲು ಬರುವಂಥ ಪ್ರಶ್ನೆಯನ್ನು ವರ್ಷವರ್ಷವೂ ಕೇಳುತ್ತ ಬಂದವರು ಯಾರು? ಆ ಹುಡುಗಿಯ ಲೇಖನಿ ಒಂದೂವರೆ ಪುಟದಲ್ಲಿ ನಿಂತುದು ಅವಳ ದಡ್ಡತನದ ಗುರುತಲ್ಲ. ಪಟ್ಟಿ ಮಾಡಿದಮೇಲೆ ಹೇಳುವುದಕ್ಕೆ ಏನೂ ಉಳಿದಿಲ್ಲವೆಂಬುದನ್ನು ಅವಳು ಪ್ರಾಮಾಣಿಕವಾಗಿ ಕಂಡುಕೊಂಡಳು. ಹತ್ತು ಪುಟಗಳನ್ನು ನಿರಾಯಾಸವಾಗಿ ತುಂಬಿದವನಿಗಿಂತ ಅವಳೇ ಸತ್ಯಕ್ಕೆ ಹತ್ತಿರವಾಗಿದ್ದಾಳೆ.

ಶಾಸ್ತ್ರಗಳಲ್ಲಿ ಕಾಕದಂತಪರೀಕ್ಷೆಯೆಂಬ ಒಂದು ನ್ಯಾಯವುಂಟು. ಕಾಗೆಗೆ ಹಲ್ಲುಗಳಿವೆಯೇ, ಇದ್ದರೆ ಎಷ್ಟು, ಬಿಳಿಯವೋ ಕರಿಯವೋ ಎಂದು ವಿಚಾರಿಸುವವನ ಶ್ರಮಕ್ಕೆ ಫಲವಿಲ್ಲ. ಸಾಮ್ಯವೈಷಮ್ಯಗಳ ಪಟ್ಟಿಯು ಅಂಥ ಪರೀಕ್ಷೆ. ಅಷ್ಟೇ ಆದರೆ ಸಹಿಸಬಹುದಾಗಿತ್ತು. ಆದರೆ ಪಟ್ಟಿಯು ನಿಷ್ಫಲವಾಗಿರುವುದಲ್ಲದೆ ಸುಳ್ಳನ್ನೂ ಹೇಳುತ್ತದೆ. ಇದು ಹೇಗೆಂಬುದಕ್ಕೆ ಉಂಗುರವನ್ನೇ ತೆಗೆದುಕೊಳ್ಳಬಹುದು.

ಬೌದ್ಧರ ಜಾತಕಕಥೆಗಳಲ್ಲಿ ಏಳನೆಯದಾದ ಕಟ್ಠಹಾರಿ ಜಾತಕವೆಂಬುದೊಂದಿದೆ. ಬ್ರಹ್ಮದತ್ತನೆಂಬ ಅರಸು ವನದಲ್ಲಿ ಸೌದೆಯಾರಿಸುತ್ತಿದ್ದ ಹೆಣ್ಣೊಬ್ಬಳನ್ನು ಕೂಡಿ, ತನ್ನ ಉಂಗುರವನ್ನು ಅವಳಿಗೆ ಕೊಟ್ಟು, ಗಂಡುಮಗುವಾದರೆ ಉಂಗುರದೊಡನೆ ಕರೆದುಕೊಂಡು ಬಾರೆಂದು ಹೇಳಿಹೋಗುತ್ತಾನೆ. ಅವಳು ಮಗನನ್ನು ಕರೆತಂದಾಗ ರಾಜನಿಗೆ ಎಲ್ಲವೂ ನೆನಪಿದೆ. ಆದರೂ ಸಭೆಯ ನಾಚಿಕೆಯಿಂದ ‘ಇವನು ನನ್ನ ಮಗನಲ್ಲ’ ಎನ್ನುತ್ತಾನೆ. ಉಂಗುರವನ್ನು ತೋರಿಸಿದರೆ ಅದೂ ತನ್ನದಲ್ಲವೆನ್ನುತ್ತಾನೆ. ಕಡೆಗೆ ಆ ತಾಯಿ ಸತ್ಯದ ಮೇಲೆ ಆಣೆಯಿಟ್ಟು ಮಗನನ್ನು ಮೇಲಕ್ಕೆಸೆಯುತ್ತಾಳೆ. ಮಗು ಆಕಾಶದಲ್ಲಿಯೇ ಪದ್ಮಾಸನದಲ್ಲಿ ಕುಳಿತು ತಾನು ಅವನ ಮಗನೇ ಎಂದು ನುಡಿಯುತ್ತದೆ.

ಈಗ ಈ ಮೂರು ಕಥೆಗಳಿಗೂ ಒಂದು ಪಟ್ಟಿಯನ್ನು ಬರೆದರೆ ಉಂಗುರದ ಸಾಲಿನಲ್ಲಿ ಏನು ಬರುವುದು? ಭಾರತದಲ್ಲಿ ಇಲ್ಲ, ಜಾತಕದಲ್ಲಿ ಇದೆ, ನಾಟಕದಲ್ಲಿ ಇದೆ. ಪಟ್ಟಿಯನ್ನು ನಂಬಿದವನು ಜಾತಕವೂ ನಾಟಕವೂ ಇಲ್ಲಿ ಒಂದೇ ಎಂದು ತೀರ್ಮಾನಿಸುವನು. ವಸ್ತುತಃ ಅವೆರಡೂ ಒಂದಕ್ಕೊಂದು ಬಹುದೂರ. ಜಾತಕದ ಉಂಗುರವು ಕೈಯಲ್ಲಿದೆ, ಆದರೆ ಪ್ರಯೋಜನಕ್ಕೆ ಬರುವುದಿಲ್ಲ. ಏಕೆಂದರೆ ರಾಜನಿಗೆ ನೆನಪಿದೆ, ಇಲ್ಲದಿರುವುದು ಧೈರ್ಯ. ಕಾಳಿದಾಸನ ಉಂಗುರವು ಒಡನೆ ಪ್ರಯೋಜನಕ್ಕೆ ಬರುತ್ತಿತ್ತು, ಆದರೆ ಶಚೀತೀರ್ಥದ ನೀರಿನಲ್ಲಿ ಜಾರಿಹೋಗಿದೆ; ರಾಜನಲ್ಲಿ ಇಲ್ಲದಿರುವುದು ನೆನಪೇ. ಉಂಗುರವೇ ಇಲ್ಲದ ಭಾರತದ ಕಥೆಯಾದರೋ ಜಾತಕಕ್ಕೆ ಹತ್ತಿರವಾಗಿದೆ. ಅಲ್ಲಿಯೂ ದುಷ್ಯಂತನಿಗೆ ಎಲ್ಲವೂ ನೆನಪಿದೆ; ನೆನಪಿದ್ದೇ ತಿಳಿಯದೆನ್ನುತ್ತಾನೆ; ಅಲ್ಲಿಯೂ ಸತ್ಯವನ್ನು ಸ್ಥಾಪಿಸುವುದಕ್ಕೆ ಆಕಾಶದಿಂದಲೇ ಸಾಕ್ಷ್ಯ ಬರಬೇಕಾಗುತ್ತದೆ. ಹೀಗೆ ಪಟ್ಟಿಯು ದೂರವಾದುವನ್ನು ಹತ್ತಿರವೆಂದೂ, ಹತ್ತಿರವಾದುವನ್ನು ದೂರವೆಂದೂ ಸಾರುವುದು. ವಸ್ತುಗಳನ್ನು ಎಣಿಸಿದ್ದರಿಂದ ಬಂದ ಅನರ್ಥವಿದು. ಆ ವಸ್ತು ಅಲ್ಲಿ ಯಾವ ಕೆಲಸವನ್ನು ಮಾಡುತ್ತಿದೆಯೆಂದು ಕೇಳಿದ್ದರೆ ಹೀಗಾಗುತ್ತಿರಲಿಲ್ಲ.

ಕೆಲಸವನ್ನು ಕೇಳತೊಡಗಿದೊಡನೆ, ಪಟ್ಟಿಯಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಸಾಲುಗಳು ಒಂದನ್ನೊಂದು ಹಿಡಿದುಕೊಳ್ಳಲಾರಂಭಿಸುವುವು. ಭಾರತದಲ್ಲಿ ಆಶ್ರಮದಲ್ಲಿಯೇ ಹುಟ್ಟಿ ಬೆಳೆದು, ಆರನೆಯ ವರ್ಷಕ್ಕೇ ಹುಲಿಸಿಂಹಗಳನ್ನು ಹಿಡಿದು ಮರಕ್ಕೆ ಕಟ್ಟುತ್ತ ಸರ್ವದಮನನೆಂದು ಹೆಸರಾದ ಮಗನು ತಾಯಿಯೊಡನೆ ಸಭೆಗೆ ಬರುತ್ತಾನೆ. ಜೀವಂತವಾದ ಸಾಕ್ಷ್ಯವದು. ಕಾಳಿದಾಸನು ಆ ಮಗನನ್ನು ಇನ್ನೂ ಗರ್ಭದಲ್ಲಿಟ್ಟನು. ಸಾಕ್ಷ್ಯವು ಹೋಯಿತು; ಆ ಸ್ಥಾನದಲ್ಲಿ ಬೇರೊಂದು ಸಾಕ್ಷ್ಯ ಬೇಕಾಯಿತು; ಉಂಗುರವು ಬಂದಿತು. ಉಂಗುರವು ಕೈಯಲ್ಲಿದ್ದರೆ ಕಥೆ ಐದನೆಯ ಅಂಕಕ್ಕೇ ಮುಗಿಯುವುದು. ಆದುದರಿಂದ ಅದು ಕಳೆಯಬೇಕಾಯಿತು. ಉಂಗುರ ಕಳೆದಮಾತ್ರಕ್ಕೆ ರಾಜನು ಹೆಂಡತಿಯನ್ನು ಅಲ್ಲಗಳೆದರೆ ಅವನು ಭಾರತದ ರಾಜನಂತೆಯೇ ಸುಳ್ಳುಗಾರನಾಗುವನು. ಅದಕ್ಕಾಗಿ ಶಾಪವು ಬೇಕಾಯಿತು. ಶಾಪವು ಬಿದ್ದಿತೆಂದಮೇಲೆ ಅದನ್ನು ತಡೆಯಬಲ್ಲ ಮಹರ್ಷಿಯು ಆಶ್ರಮದಲ್ಲಿ ಇರಕೂಡದು. ಹಣ್ಣು ತರಲು ಹೋದವನು ಮುಹೂರ್ತಮಾತ್ರದಲ್ಲಿ ಹಿಂದಿರುಗುವನು. ಆದುದರಿಂದ ಸೋಮತೀರ್ಥದ ದೂರಪ್ರಯಾಣವು ಬೇಕಾಯಿತು. ಪಟ್ಟಿಯಲ್ಲಿ ನಾಲ್ಕು ಸಾಲುಗಳಾಗಿದ್ದುದು ಹೀಗೆ ಒಂದೇ ಸರಪಣಿಯಾಯಿತು. ಒಂದು ತೊಲೆಯನ್ನು ಕದಲಿಸಿದ ಬಡಗಿಯು ಮನೆಯ ಉಳಿದ ತೊಲೆಗಳನ್ನೆಲ್ಲ ಹೊಸದಾಗಿ ಕೂಡಿಸಿದ ಬಗೆಯಿದು. ಇದನ್ನು ಬರೆಯಹೊರಟವನಿಗೆ ಹತ್ತು ಪುಟಗಳು ಸಾಲುವುವೆ?

ಈ ವಿಧಾನವು ಹೊರಗಿನಿಂದ ಕಲಿತುಕೊಂಡು ಬರಬೇಕಾದುದೇನೂ ಅಲ್ಲ. ಕಥಾಭೇದವನ್ನು ಹೇಗೆ ವಿಚಾರಿಸಬೇಕೆಂಬುದನ್ನು ಸಂಸ್ಕೃತದ ಆಲಂಕಾರಿಕರು ಸಾವಿರ ವರ್ಷಗಳಿಗೆ ಹಿಂದೆಯೇ ಹೇಳಿಟ್ಟಿದ್ದಾರೆ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿದ್ದ ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಈ ವಿಚಾರವನ್ನು ಎತ್ತಿಕೊಳ್ಳುವನು. ಇತಿಹಾಸದಿಂದ ಬಂದ ಕಥಾಂಶವು ರಸಕ್ಕೆ ಒಗ್ಗದಿದ್ದರೆ ಕವಿಯು ಅದನ್ನು ಬಿಟ್ಟು, ರಸಕ್ಕೆ ತಕ್ಕುದನ್ನು ಕಲ್ಪಿಸಬೇಕೆಂಬುದು ಅವನ ಮತ. ಬರಿಯ ಕಥೆಯನ್ನು ನಡೆಸಿಕೊಂಡು ಹೋಗುವುದರಿಂದ ಕವಿಗೆ ಬರುವ ಪ್ರಯೋಜನವೇನೂ ಇಲ್ಲ, ಅದಕ್ಕೆ ಇತಿಹಾಸವೇ ಸಾಕೆಂಬುದು ಅವನ ವಾದ. ಇದಕ್ಕೆ ಅವನು ಕೊಡುವ ನಿದರ್ಶನಗಳಲ್ಲಿ ಕಾಳಿದಾಸನ ಪ್ರಬಂಧಗಳೂ ಸೇರಿವೆ. ಹತ್ತನೆಯ ಶತಮಾನದ ಧನಂಜಯನು ದಶರೂಪಕದಲ್ಲಿ, ನಾಯಕನಿಗಾಗಲಿ ರಸಕ್ಕಾಗಲಿ ಅನುಚಿತವಾದುದನ್ನು ಬಿಡಬೇಕು ಅಥವಾ ಮಾರ್ಪಡಿಸಬೇಕೆಂದು ವಿಧಿಸುವನು. ವಾಲಿಯನ್ನು ಮರೆಯಲ್ಲಿ ನಿಂತು ಕೊಂದ ಪ್ರಸಂಗವನ್ನು ಒಬ್ಬ ಕವಿ ಪೂರ್ತಿಯಾಗಿ ಕೈಬಿಟ್ಟುದನ್ನೂ, ಭವಭೂತಿಯು ಮಹಾವೀರಚರಿತದಲ್ಲಿ ವಾಲಿಯೇ ರಾಮನ ಮೇಲೆ ಕಾದಲು ಬಂದಂತೆ ತಿರುಗಿಸಿದುದನ್ನೂ ವ್ಯಾಖ್ಯಾನಕಾರನಾದ ಧನಿಕನು ಉದಾಹರಿಸುವನು. ಕುಂತಕನಂತೂ ವಕ್ರೋಕ್ತಿಜೀವಿತದ ನಾಲ್ಕನೆಯ ಉನ್ಮೇಷದಲ್ಲಿ ಈ ದೂರ್ವಾಸಶಾಪವನ್ನೇ ಕೈಗೆತ್ತಿಕೊಂಡು, ಕವಿಯು ಹೊಸದಾಗಿ ಸೇರಿಸಿದ ಒಂದು ಸಣ್ಣ ಅಂಶವು ಇಡೀ ಪ್ರಬಂಧಕ್ಕೆ ಹೇಗೆ ಜೀವ ತುಂಬುವುದೆಂಬುದನ್ನು ವಿವರಿಸಿದ್ದಾನೆ.

ಈ ಗ್ರಂಥಗಳು ಕೈಗೆಟುಕದವೂ ಅಲ್ಲ. ಡಾ. ಕೆ. ಕೃಷ್ಣಮೂರ್ತಿಗಳು ಸಂಪಾದಿಸಿದ ವಕ್ರೋಕ್ತಿಜೀವಿತವನ್ನು 1977ರಲ್ಲಿ ಪ್ರಕಟಿಸಿದುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವೇ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯು 1953ರಿಂದ ಕನ್ನಡದಲ್ಲಿ ದೊರೆಯುತ್ತಿದೆ. ಕಾವ್ಯಮೀಮಾಂಸೆಯನ್ನು ಒಂದು ಪತ್ರಿಕೆಯಾಗಿ ಪಾಠ ಹೇಳುವ ವಿಭಾಗಗಳಲ್ಲಿಯೇ, ಪಕ್ಕದ ಕೊಠಡಿಯಲ್ಲಿ ಸಾಮ್ಯವೈಷಮ್ಯಗಳ ಪಟ್ಟಿ ನಡೆಯುತ್ತಿರುವುದು ಸೋಜಿಗವಲ್ಲವೆ? ಒಂದು ಪತ್ರಿಕೆಯಲ್ಲಿ ಔಚಿತ್ಯವೆಂದರೇನೆಂಬುದನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯು ಇನ್ನೊಂದು ಪತ್ರಿಕೆಯಲ್ಲಿ ಅದನ್ನು ಉಪಯೋಗಿಸಬಹುದೆಂದು ಯಾರೂ ಅವನಿಗೆ ಹೇಳಲಿಲ್ಲ. ಉಳಿ ಒಂದು ಮನೆಯಲ್ಲಿ, ಮರ ಇನ್ನೊಂದು ಮನೆಯಲ್ಲಿ.

ಇಲ್ಲಿ ಕೆಲವು ಪೂರ್ವಪಕ್ಷಗಳು ಏಳುವುವು. ಅವುಗಳನ್ನು ಒಂದೊಂದಾಗಿ ನೋಡಬೇಕು.

ಮೊದಲನೆಯದು ಮೂಲನಿಷ್ಠರದು. ವ್ಯಾಸರು ಹೇಳಿದುದೇ ನಿಜವಾದ ಕಥೆ. ಆಮೇಲಿನವರು ಮಾಡಿದುದೆಲ್ಲ ಅಪಭ್ರಂಶ. ಹೋಲಿಸುವುದೆಂದರೆ ಯಾರು ಎಷ್ಟು ತಪ್ಪಿದರೆಂದು ಗೊತ್ತುಮಾಡುವುದು, ಎಂಬುದು ಇವರ ವಾದ. ಮೂಲದಲ್ಲಿ ಭಕ್ತಿಯಿರುವುದು ಒಳ್ಳೆಯದೇ. ಆದರೆ ಯಾವುದು ಮೂಲ? ಪುಣೆಯ ಭಾಂಡಾರಕರ ಸಂಸ್ಥೆಯವರು ವಿ. ಎಸ್. ಸುಕ್ತಂಕರರ ಸಂಪಾದಕತ್ವದಲ್ಲಿ 1933ರಲ್ಲಿ ಆದಿಪರ್ವವನ್ನು ಶುದ್ಧಪಡಿಸಿ ಮುಗಿಸಬೇಕಾದರೆ ದೇಶದ ನಾನಾ ಭಾಗಗಳ ಓಲೆಕಾಗದಗಳನ್ನು ತಾಳೆನೋಡಬೇಕಾಯಿತು. ನಾಟಕಕ್ಕಾದರೂ ಪಾಠ ಒಂದೇ ಇಲ್ಲ. 1789ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸನು ಇಂಗ್ಲಿಷಿಗೆ ತಿರುಗಿಸಿದುದು ಬಂಗಾಳದ ಪಾಠ. ದೇವನಾಗರಿಯ ಪಾಠದಲ್ಲಿ ಮೂರನೆಯ ಅಂಕವು ಅದಕ್ಕಿಂತ ಚಿಕ್ಕದು. ಶಾಪವೂ ಉಂಗುರವೂ ಪದ್ಮಪುರಾಣದಲ್ಲಿಯೂ ಬರುವುವು. ಪುರಾಣವು ನಾಟಕದಿಂದ ತೆಗೆದುಕೊಂಡಿತೋ, ನಾಟಕವು ಪುರಾಣದಿಂದ ತೆಗೆದುಕೊಂಡಿತೋ ಎಂಬ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ತಪ್ಪು ಹಿಡಿಯಲು ಹೊರಟವನು ಮೊದಲು ಅಳತೆಯ ಕೋಲನ್ನೇ ಹುಡುಕಬೇಕಾಗುವುದು. ಕೋಲು ಸಿಕ್ಕಿತೆಂದೇ ಇಟ್ಟುಕೊಂಡರೂ, ಕವಿಯನ್ನು ನಕಲುಗಾರನಂತೆ ಪರೀಕ್ಷಿಸುವುದು ಆನಂದವರ್ಧನನು ಕಲಿಸಿದ ಪಾಠಕ್ಕೆ ವಿರುದ್ಧ.

ಎರಡನೆಯದು ಈ ಕಾಲದ ನ್ಯಾಯಾಧೀಶರ ಪಕ್ಷ. ಭಾರತದ ಶಕುಂತಲೆ ಧೀರೆ. ಅವಳು ಮದುವೆಗೆ ಮುಂಚೆಯೇ ತನ್ನ ಮಗನಿಗೆ ಯುವರಾಜಪದವಿಯಾಗಬೇಕೆಂದು ಕರಾರು ಮಾಡಿಕೊಳ್ಳುವಳು. ಸಭೆಯಲ್ಲಿ ರಾಜನನ್ನು ಎದುರಿಸಿ ಸತ್ಯಧರ್ಮಗಳನ್ನು ಬೋಧಿಸುವಳು. ಕಾಳಿದಾಸನ ಶಕುಂತಲೆಯಾದರೋ ನಾಚಿ ಮೌನಿಯಾಗುವಳು. ಆದುದರಿಂದ ಕಾಳಿದಾಸನು ಹೆಣ್ಣಿನ ಬಾಯಿಯನ್ನು ಕಟ್ಟಿದನು, ಎಂದು ಇವರು ತೀರ್ಪು ಕೊಡುವರು. ಈ ಆಕ್ಷೇಪವನ್ನು ತಳ್ಳಿಹಾಕತಕ್ಕದ್ದಲ್ಲ. ರೊಮಿಲಾ ಥಾಪರ್ ಅವರು 1999ರಲ್ಲಿ ಪ್ರಕಟಿಸಿದ ಶಕುಂತಲೆಯ ಕುರಿತ ಗ್ರಂಥದಲ್ಲಿ ಕಾಲಕಾಲಕ್ಕೆ ಶಕುಂತಲೆಯ ಚಿತ್ರವು ಬದಲಾದುದನ್ನು ಶ್ರಮಪಟ್ಟು ತೋರಿಸಿದ್ದಾರೆ. ಆ ಬದಲಾವಣೆ ನಡೆದುದು ನಿಜ. ಭಾರತದ ಶಕುಂತಲೆಯ ಮಾತಿನ ಕೆಚ್ಚನ್ನು ಕಂಡವರು ಅದನ್ನು ಮರೆಯಲಾರರು. ಸಾವಿರ ಅಶ್ವಮೇಧಗಳಿಗಿಂತ ಸತ್ಯವೇ ಹೆಚ್ಚು ತೂಗುವುದೆಂದು ಅವಳು ಹೇಳುವುದು ಸಿಂಹಾಸನದಲ್ಲಿ ಕುಳಿತಿರುವವನಿಗೆ; ಅವನ ಸಹಾಯವಿಲ್ಲದೆಯೇ ತನ್ನ ಮಗನು ಭೂಮಿಯನ್ನಾಳುವನೆಂದು ಹೇಳಿ ಹೊರಡುವ ಧೈರ್ಯವೂ ಅವಳಿಗಿದೆ. ಆದರೆ ತೀರ್ಪನ್ನು ಮೊದಲು ಬರೆದಿಟ್ಟುಕೊಂಡು ಆಮೇಲೆ ಗ್ರಂಥವನ್ನು ತೆರೆದರೆ, ಗ್ರಂಥದಲ್ಲಿರುವುದೂ ಕಾಣದೆ ಹೋಗುವುದು.

ನಾಟಕವನ್ನು ತೆರೆದು ನೋಡಿದರೆ ಕಾಣುವುದೇನು? ಭಾರತದಲ್ಲಿ ಶಕುಂತಲೆಯು ತನ್ನ ಜನ್ಮವೃತ್ತಾಂತವನ್ನು ತಾನೇ ಹೇಳುವಳು. ನಾಟಕದ ಮೊದಲನೆಯ ಅಂಕದಲ್ಲಿ ಅದನ್ನು ಹೇಳುವವಳು ಅನಸೂಯೆ. ಭಾರತದಲ್ಲಿ ಕರಾರನ್ನು ಶಕುಂತಲೆಯೇ ಮುಂದಿಡುವಳು. ನಾಟಕದ ಮೂರನೆಯ ಅಂಕದಲ್ಲಿ, ರಾಜರಿಗೆ ಬಹುಮಂದಿ ಹೆಂಡಿರಿರುವರೆಂದು ಎಚ್ಚರಿಸಿ ಗೆಳತಿಯ ಭವಿಷ್ಯವನ್ನು ಕುರಿತು ರಾಜನಿಂದ ಮಾತು ತೆಗೆದುಕೊಳ್ಳುವವಳು ಮತ್ತೆ ಅನಸೂಯೆ. ಹಾಗಾದರೆ ಮಾತುಗಳು ಎಲ್ಲಿಯೂ ನಷ್ಟವಾಗಲಿಲ್ಲ. ಶಕುಂತಲೆಯ ಬಾಯಿಂದ ಸಖಿಯ ಬಾಯಿಗೆ ಹೋದುವು. ಏಕೆ ಹೋದುವು? ಇದಕ್ಕೆ ಉತ್ತರವು ನಾಲ್ಕನೆಯ ಅಂಕದಲ್ಲಿದೆ. ದೂರ್ವಾಸರ ಶಾಪವನ್ನು ಕೇಳಿದವರು ಸಖಿಯರಿಬ್ಬರೇ. ಗುರುತಿನ ಆಭರಣವನ್ನು ಕಂಡೊಡನೆ ಶಾಪವು ತೀರುವುದೆಂಬ ಪರಿಹಾರವನ್ನು ಮುನಿಯಿಂದ ಪಡೆದವಳು ಪ್ರಿಯಂವದೆ. ಗೆಳತಿಯು ಕೋಮಲಸ್ವಭಾವದವಳೆಂದು ಕನಿಕರಪಟ್ಟು ಅವರು ಇದನ್ನು ಅವಳಿಗೆ ತಿಳಿಸದೆ ಮರೆಮಾಡುವರು. ಬೀಳ್ಕೊಡುವಾಗ, ರಾಜನು ಗುರುತಿಸಲು ತಡಮಾಡಿದರೆ ಉಂಗುರವನ್ನು ತೋರಿಸೆಂದು ಮಾತ್ರ ಹೇಳುವರು. ಆ ಮಾತಿಗೇ ಅವಳ ಎದೆ ನಡುಗುವುದು. ಸ್ನೇಹವು ಇಲ್ಲದ ಕೇಡನ್ನು ಶಂಕಿಸುವುದೆಂದು ಹೇಳಿ ಅವರು ಅವಳನ್ನು ಸಮಾಧಾನಪಡಿಸುವರು.

ಐದನೆಯ ಅಂಕದಲ್ಲಿ ಶಕುಂತಲೆಯು ಅರಮನೆಯಲ್ಲಿ ನಿಂತಾಗ ಗೌತಮಿಯಿರುವಳು, ಶಾರ್ಙ್ಗರವ ಶಾರದ್ವತರಿರುವರು, ಸಖಿಯರಿಲ್ಲ. ಮೂರು ಅಂಕಗಳುದ್ದಕ್ಕೂ ಅವಳ ಪರವಾಗಿ ಆಡಬೇಕಾದ ಮಾತುಗಳನ್ನು ಆಡುತ್ತ ಬಂದವರು, ಅವಳನ್ನು ಉಳಿಸಬಹುದಾಗಿದ್ದ ಒಂದೇ ಮಾತನ್ನು ತಮ್ಮಲ್ಲಿಟ್ಟುಕೊಂಡು ಆಶ್ರಮದಲ್ಲಿಯೇ ಉಳಿದಿದ್ದಾರೆ. ಇನ್ನು ಅವಳು ತಾನೇ ಮಾತಾಡಬೇಕು, ಬೆರಳಿನಲ್ಲಿ ಉಂಗುರವಿಲ್ಲ, ಬಳ್ಳಿಮನೆಯಲ್ಲಿ ಜಿಂಕೆಯ ಮರಿಗೆ ನೀರು ಕುಡಿಸಿದ ನೆನಪನ್ನು ಹೇಳಿ ನೋಡುವಳು, ರಾಜನು ಹೆಂಗಸರ ಹುಟ್ಟುಜಾಣತನವೆಂದು ಹಂಗಿಸುವನು. ಆಗ ಮೌನಿಯೆನ್ನಿಸಿಕೊಂಡ ಈ ಶಕುಂತಲೆಯೇ ಅವನನ್ನು ಅನಾರ್ಯನೆಂದು ಮುಖಕ್ಕೆ ಹೊಡೆದಂತೆ ಕರೆಯುವಳು. ಹುಲ್ಲು ಮುಚ್ಚಿದ ಬಾವಿಗೆ ಅವನನ್ನು ಹೋಲಿಸುವಳು. ಇಲ್ಲಿ ಕೇಳಿಬರುವುದು ಕಟ್ಟಿದ ಬಾಯಿಯ ಧ್ವನಿಯೇ? ಭಾರತದ ಶಕುಂತಲೆಯ ಕೈಯಲ್ಲಿ ಮಗನಿದ್ದನು, ತಾನಾಗಿ ಪಡೆದ ವಚನವಿದ್ದಿತು. ಇವಳ ಕೈಯಲ್ಲಿ ಏನೂ ಇಲ್ಲ. ಏನೂ ಇಲ್ಲದೆ ನಿಂತು ಆಡಿದ ಆ ಒಂದು ಮಾತಿನ ಬೆಲೆಯನ್ನು ಭಾರತದ ಉದ್ದವಾದ ಭಾಷಣದ ಪಕ್ಕದಲ್ಲಿಟ್ಟು ತೂಗುವುದೇ ಹೋಲಿಕೆ. ತೂಗಿದಮೇಲೆ ವಿದ್ಯಾರ್ಥಿನಿಯು ಭಾರತದವಳನ್ನೇ ಹೆಚ್ಚೆಂದು ಹೇಳಿದರೂ ಅಡ್ಡಿಯಿಲ್ಲ. ಆ ತೀರ್ಪು ಅವಳದಾಗಿರುವುದು, ಎರವಲಿನದಾಗಿರುವುದಿಲ್ಲ.

ಏಳನೆಯ ಅಂಕದ ಒಂದು ಸಣ್ಣ ಘಟನೆಯನ್ನು ಯಾವ ಪಟ್ಟಿಯೂ ಹಿಡಿಯಲಾರದು. ಮಾರೀಚಾಶ್ರಮದಲ್ಲಿ ಇಬ್ಬರೂ ಮತ್ತೆ ಸೇರಿದಾಗ ರಾಜನು ಉಂಗುರವನ್ನು ಅವಳಿಗೆ ತೊಡಿಸಲು ಮುಂದಾಗುತ್ತಾನೆ. ಅವಳು ಬೇಡವೆನ್ನುವಳು, ಅದರಲ್ಲಿ ತನಗೆ ನಂಬಿಕೆಯಿಲ್ಲ, ಅದು ಅವನ ಬೆರಳಿನಲ್ಲಿಯೇ ಇರಲಿ ಎನ್ನುವಳು. ಶಾಪದ ಸುದ್ದಿಯು ಅವಳಿಗೆ ಆಗ ಇನ್ನೂ ತಿಳಿಯದು. ನಾಟಕಕ್ಕೆ ಹೆಸರನ್ನೇ ಕೊಟ್ಟ ಅಭಿಜ್ಞಾನವನ್ನು ನಾಯಿಕೆಯು ಕಡೆಯಲ್ಲಿ ಹಿಂದಿರುಗಿಸಿಬಿಡುವಳು! ‘ಉಂಗುರ: ಇದೆ’ ಎಂದು ಬರೆದವನಿಗೆ ಈ ಮಾತು ಕಂಡಿರುವುದೆ? ಜಾತಕದ ಉಂಗುರ, ನಾಟಕದ ಉಂಗುರ, ಹಿಂದಿರುಗಿದ ಉಂಗುರ, ಇಷ್ಟನ್ನೇ ಹಿಡಿದು ಒಂದು ಒಳ್ಳೆಯ ಪ್ರಬಂಧವನ್ನು ಬರೆಯಬಹುದು.

ಮೂರನೆಯ ಪಕ್ಷವು ಎರಡನೆಯದಕ್ಕೆ ಬೆನ್ನು ತಿರುಗಿಸಿ ನಿಂತಿದೆ. ಕಥೆಗಳು ಹಲವು, ಎಲ್ಲವೂ ಸಮಾನ, ಒಂದನ್ನು ಇನ್ನೊಂದರೊಡನೆ ತೂಗಿನೋಡುವುದೇ ತಪ್ಪು, ಎಂಬುದು ಇದರ ಸಾರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎಲ್ಲ ಕಥೆಗಳಿಗೂ ಇರುವ ಹಕ್ಕು ಸಮಾನವೆಂಬುದು ಸರಿಯೇ. ಆದರೆ ಎಲ್ಲವೂ ಮಾಡುವ ಕೆಲಸ ಒಂದೇ ಅಲ್ಲ, ಮಾಡಿದ ಕೆಲಸದ ಗುಣವೂ ಒಂದೇ ಅಲ್ಲ. ತೂಗುವುದಕ್ಕೆ ಹೆದರಿದವನು ಪಟ್ಟಿಗೇ ಹಿಂದಿರುಗಬೇಕಾಗುವುದು. ಈ ಹೆದರಿಕೆಗೆ ಕಾರಣವಿಲ್ಲದೆ ಇಲ್ಲ. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ನಾನಾ ರಾಮಾಯಣಗಳನ್ನು ಕುರಿತು ಬರೆದ ಪ್ರಬಂಧವನ್ನು ದೆಹಲಿ ವಿಶ್ವವಿದ್ಯಾನಿಲಯವು 2011ರಲ್ಲಿ ತನ್ನ ಇತಿಹಾಸ ಪಠ್ಯಕ್ರಮದಿಂದ ಕೈಬಿಟ್ಟಿತು. ಹೋಲಿಸುವುದೆಂದರೆ ಒಂದನ್ನು ಎತ್ತಿ ಇನ್ನೊಂದನ್ನು ಅವಮಾನಿಸುವುದೆಂಬ ಭಾವನೆ ಬೆಳೆದಿರುವಲ್ಲಿ ಅಧ್ಯಾಪಕರೂ ಅಂಜುವರು, ವಿದ್ಯಾರ್ಥಿಗಳೂ ಅಂಜುವರು. ಪಟ್ಟಿಯಾದರೆ ಯಾರಿಗೂ ನೋವಾಗುವುದಿಲ್ಲ. ಆದರೆ ನೋವಾಗದಂತೆ ಬರೆದುದರಲ್ಲಿ ಅರಿವೂ ಆಗುವುದಿಲ್ಲ. ಮಹಾಕವಿಗಳೇ ನಿರ್ಭಯವಾಗಿ ಮಾಡಿದ ಕೆಲಸವನ್ನು ಕುರಿತು ಮಾತಾಡಲು ಕಾಲೇಜಿನವರು ಭಯಪಡುವುದಾದರೆ, ಸಾಹಿತ್ಯದ ಪತ್ರಿಕೆಯನ್ನೇ ತೆಗೆದುಹಾಕುವುದು ಮೇಲು.

ಕನ್ನಡಿಗರಿಗಂತೂ ಈ ಭಯವು ಒಪ್ಪುವುದೇ ಇಲ್ಲ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ಬರೆದ ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡನು. ಹಾಗೆ ಕಂಡಮೇಲೆ ದ್ರೌಪದಿಯನ್ನು ಐವರಿಗೆ ಹೆಂಡತಿಯಾಗಿಡಲು ಸಾಧ್ಯವಾಗದೆ ಅರ್ಜುನನೊಬ್ಬನಿಗೇ ಮದುವೆಮಾಡಿದನು. ಸಾಮಾನ್ಯವಾದ ಪಟ್ಟಿಯು ಇಲ್ಲಿಗೆ ಮುಗಿಯುವುದು. ಪ್ರಶ್ನೆಯಾದರೋ ಇಲ್ಲಿಂದ ಮೊದಲಾಗಬೇಕು. ದ್ರೌಪದಿಯು ಅರ್ಜುನನೊಬ್ಬನ ಹೆಂಡತಿಯಾದರೆ, ಸಭೆಯಲ್ಲಿ ಅವಳ ಮುಡಿಯನ್ನು ಹಿಡಿದೆಳೆದಾಗ ಪ್ರತಿಜ್ಞೆಯನ್ನು ಭೀಮನೇ ಏಕೆ ಮಾಡಬೇಕು? ಕಡೆಗೆ ದುಶ್ಶಾಸನನನ್ನು ಕೊಂದು ಆ ಮುಡಿಯನ್ನು ಕಟ್ಟುವವನೂ ಭೀಮನೇ ಆಗಬೇಕೆ? ಒಂದು ತೊಲೆಯನ್ನು ಕದಲಿಸಿದ ಪಂಪನು ಈ ತೊಲೆಯನ್ನು ಕದಲಿಸದೆ ಬಿಟ್ಟನು. ಇದರಿಂದ ಅವನ ಕಾವ್ಯಕ್ಕೆ ಸಡಿಲು ಬಂದಿತೋ, ಭಾವನ ಕೋಪವು ಗಂಡನ ಕೋಪಕ್ಕಿಂತ ಹೆಚ್ಚು ಬೆಳಗಿತೋ? ಇದನ್ನು ಕೇಳಿದರೆ ಹದಿನೆಂಟು ವರ್ಷದ ಹುಡುಗನೂ ಕಾವ್ಯವನ್ನು ತೆರೆದು ಹುಡುಕುವನು. ‘ಪಂಪನೂ ವ್ಯಾಸನೂ: ಸಾಮ್ಯವೈಷಮ್ಯಗಳು’ ಎಂದರೆ ಗೈಡನ್ನು ಹುಡುಕುವನು.

ಕೊನೆಯ ಪೂರ್ವಪಕ್ಷವು ಅಧ್ಯಾಪಕರದು. ಇದು ಎಲ್ಲಕ್ಕಿಂತ ಗಂಭೀ­ರವಾದುದು. ತರಗತಿಯಲ್ಲಿ ವಿದ್ಯಾರ್ಥಿಗಳು ಬಹುಮಂದಿ, ಕಾಲವು ಕಡಮೆ, ಸಂಸ್ಕೃತವು ಬಾರದು, ಪಟ್ಟಿಯಾದರೂ ಬಂದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗುವರು, ಹೆಚ್ಚಿನದನ್ನು ಬಯಸುವುದು ಗಗನಕುಸುಮ, ಎಂದು ಅವರು ಹೇಳುವರು. ಇದಕ್ಕೆ ಸಮಾಧಾನವೇನೆಂದರೆ, ಇಲ್ಲಿ ಬಯಸುತ್ತಿರುವುದು ಹೆಚ್ಚಿನದನ್ನಲ್ಲ, ಕಡಮೆಯದನ್ನು. ಅಗುಳೊಂದನ್ನು ಹಿಸುಕಿ ನೋಡಿದರೆ ಗಡಿಗೆಯ ಅನ್ನವೆಲ್ಲ ಬೆಂದಿತೋ ಇಲ್ಲವೋ ತಿಳಿಯುವುದೆಂಬ ಸ್ಥಾಲೀಪುಲಾಕನ್ಯಾಯವನ್ನು ಎಲ್ಲರೂ ಬಲ್ಲರು. ಇಪ್ಪತ್ತು ವ್ಯತ್ಯಾಸಗಳನ್ನು ಕೇಳುವ ಬದಲು ಒಂದನ್ನು ಕೇಳಲಿ. ‘ಭಾರತದಲ್ಲಿ ಶಕುಂತಲೆಯು ಹೇಳುವ ಮಾತನ್ನು ನಾಟಕದಲ್ಲಿ ಅನಸೂಯೆಯು ಹೇಳುವುದೇಕೆ?’ ಎಂದು ಕೇಳಿದರೆ ಸಾಕು. ಭಾರತದಲ್ಲಿ ಇಡೀ ಉಪಾಖ್ಯಾನವು ಕೆಲವೇ ಅಧ್ಯಾಯಗಳಷ್ಟಿದೆ. ನಾಟಕವು ಏಳೇ ಅಂಕಗಳದು. ಎರಡನ್ನೂ ಕನ್ನಡದಲ್ಲಿ ಓದಬಹುದು. ಬಸವಪ್ಪಶಾಸ್ತ್ರಿಗಳ ಶಾಕುಂತಲವು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮೈಸೂರಿನ ಅರಮನೆಯ ನಾಟಕಮಂಡಲಿಗಾಗಿ ಸಿದ್ಧವಾಗಿ ಅವರಿಗೆ ಅಭಿನವಕಾಳಿದಾಸನೆಂಬ ಬಿರುದನ್ನು ತಂದಿತು, ಎಸ್. ವಿ. ಪರಮೇಶ್ವರಭಟ್ಟರು ಕಾಳಿದಾಸನನ್ನು ಸುಲಭವಾದ ಕನ್ನಡದಲ್ಲಿ ಕೊಟ್ಟಿದ್ದಾರೆ. ಸಂಸ್ಕೃತ ಬಾರದವನಿಗೆ ಬಾಗಿಲು ಮುಚ್ಚಿಲ್ಲ. ಓದಿನ ವಿಷಯದಲ್ಲಿ ಮಾತ್ರ ರಿಯಾಯಿತಿ ಕೂಡದು: ಎರಡು ಗ್ರಂಥಗಳನ್ನೂ ಆದ್ಯಂತವಾಗಿ ಓದಿರಬೇಕು.

ಮೌಲ್ಯಮಾಪನದ ಕಷ್ಟವೊಂದು ಉಳಿಯುವುದು. ಪಟ್ಟಿಗೆ ಅಂಕ ಹಾಕುವುದು ಸುಲಭ; ಹತ್ತು ಅಂಶಗಳಿಗೆ ಹತ್ತು ಅಂಕಗಳು. ವಿಚಾರಕ್ಕೆ ಅಂಕ ಹಾಕಬೇಕಾದರೆ ಅಧ್ಯಾಪಕರೂ ಆ ಗ್ರಂಥಗಳನ್ನು ಮತ್ತೆ ತೆರೆಯಬೇಕಾದೀತು. ಈ ಪದ್ಧತಿಯು ಇಷ್ಟು ಕಾಲ ಬಾಳಿಬಂದುದಕ್ಕೆ ನಿಜವಾದ ಕಾರಣವು ಇದೇ ಇರಬಹುದೆಂದು ಹೇಳುವುದು ಕಠಿನವಾಗಿ ತೋರಿದರೂ ಹೇಳದೆ ವಿಧಿಯಿಲ್ಲ. ಅನುಕೂಲವಾಗಿರುವುದು ಪರೀಕ್ಷಕನಿಗೆ, ಸಂಕಟಪಡುತ್ತಿರುವುದು ವಿದ್ಯಾರ್ಥಿ.

ಆ ಸಂಕಟವನ್ನು ಮನೆಯವರು ಸ್ವಲ್ಪಮಟ್ಟಿಗೆ ಕಡಮೆಮಾಡಬಲ್ಲರು. ವಿಶ್ವವಿದ್ಯಾನಿಲಯಗಳು ತಮ್ಮ ಪ್ರಶ್ನೆಯನ್ನು ತಿದ್ದುವ ತನಕ ಕಾಯಬೇಕಾಗಿಲ್ಲ. ಒಂದೂವರೆ ಪುಟದಲ್ಲಿ ನಿಂತ ಮಗಳನ್ನು ಗದರಿಸದೆ, ಅವಳ ಪಟ್ಟಿಯ ಒಂದೇ ಸಾಲಿನ ಮೇಲೆ ಬೆರಳಿಟ್ಟು ‘ಇದು ಏಕೆ ಹೀಗಾಯಿತು? ಇದು ಹೀಗಾದುದರಿಂದ ಮುಂದೆ ಏನೇನು ಬದಲಾಯಿತು?’ ಎಂದು ಕೇಳಿದರೆ ಸಾಕು. ಅಜ್ಜಿಯು ಯಾವುದೋ ಹಳೆಯ ನಾಟಕದಲ್ಲಿ ಕಂಡ ಶಕುಂತಲೆಯ ಕಥೆಯನ್ನು ತನ್ನ ರೀತಿಯಲ್ಲಿ ಹೇಳುತ್ತಿದ್ದರೆ, ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ. ಅದೂ ಒಂದು ಪಾಠವೇ. ಉತ್ತರವು ಆ ದಿನವೇ ಹೊಳೆಯದಿದ್ದರೆ ಅವಳು ಗ್ರಂಥವನ್ನು ಇನ್ನೊಮ್ಮೆ ತೆರೆಯುವಳು. ಗಡುವಿನ ದಿವಸ ಹತ್ತು ಪುಟಗಳಾಗದೆ ಆರೇ ಪುಟಗಳಾಗಿ, ನಾಲ್ಕು ಅಂಕಗಳು ಕಡಮೆಯಾದರೂ ಆಗಲಿ. ಹತ್ತು ವರ್ಷಗಳಾದಮೇಲೆ ಅವಳ ನೆನಪಿನಲ್ಲಿ ಉಳಿಯತಕ್ಕದ್ದು ಆ ಅಂಕಗಳಲ್ಲ. ಎದುರಿಗೆ ಹಿಡಿದ ಉಂಗುರವನ್ನು ಬೇಡವೆಂದ ಹೆಣ್ಣಿನ ಮಾತು.